ಮೂಕಿ ಎದ್ದ ಗಾಡಿ

ಸಂಸ್ಕೃತದಲ್ಲಿ ಎತ್ತಿಗೆ ‘ಅನಡ್ವಾನ್’ ಎಂದೊಂದು ಹೆಸರುಂಟು. ‘ಅನಸ್’ ಎಂದರೆ ಬಂಡಿ. ಅದನ್ನು ಎಳೆಯತಕ್ಕದ್ದು ಅನಡ್ವಾನ್. ನೊಗವನ್ನು ಹೊರುವ ಕಾರಣದಿಂದ ‘ಧುರಂಧರ’ನೆಂಬ ಬಿರುದೂ ಅದಕ್ಕೇ ಸಲ್ಲತಕ್ಕದ್ದು, ಈಚೆಗೆ ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುವವರು ಅದನ್ನು ಕಸಿದುಕೊಂಡಿರುವರು. ಬಂಡಿಯ ಹೆಸರಿನಿಂದಲೇ ಎತ್ತನ್ನು ಕರೆದ ಪೂರ್ವಿಕರು, ಬಂಡಿಯ ದೋಷವೂ ಎತ್ತಿನ ತಲೆಗೇ ಬರುವುದೆಂದು ಬಲ್ಲವರಾಗಿದ್ದರೋ ಏನೋ. ಅರಕಲಗೂಡು ತಾಲ್ಲೂಕಿನ ಗೌಡರೊಬ್ಬರಿಗೆ ಮಾತ್ರ ಇದನ್ನು ತಿಳಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಗಾಡಿ ಓಟವು ಈ ಸೀಮೆಗೆ ಹೊಸದಲ್ಲ. 2014ನೆಯ ಇಸವಿ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಷೇಧಿಸಿತು. ಕರ್ನಾಟಕದ 2017ರ ತಿದ್ದುಪಡಿ ಕಾಯಿದೆಯು ಮತ್ತೆ ಎಡೆಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಅದಾದಮೇಲೆ ಗೌಡರಿಗೆ ಹಳೆಯ ಹುಚ್ಚು ಕೆರಳಿ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಗೆ ಹೋಗಿ, ಒಂದು ಜೋಡಿ ಹಳ್ಳಿಕಾರ್ ಎತ್ತುಗಳನ್ನು ತಂದರು. ಬೂದುಬಣ್ಣದ ಸಣಕಲು ಮೈ, ಹಿಂದಕ್ಕೆ ಬಾಗಿ ಮೇಲೇಳುವ ಉದ್ದನೆಯ ಕೊಂಬು, ಕ್ಷಣಮಾತ್ರವೂ ನೆಟ್ಟಗೆ ನಿಲ್ಲದ ಕಾಲು—ಈ ತಳಿಯ ಚಿತ್ರವನ್ನು ಭಾರತದ ಅಂಚೆ ಇಲಾಖೆಯು 2000ದಲ್ಲಿ ಚೀಟಿಯ ಮೇಲೆ ಅಚ್ಚುಹಾಕಿಸಿತ್ತು. ಓಟಕ್ಕೆಂದು ಗೌಡರು ಹಗುರವಾದ ಹೊಸ ಗಾಡಿಯನ್ನೂ ಮಾಡಿಸಿದರು.

ಆದರೆ ಓಟದ ಕಣದಲ್ಲಿ ಮಾನ ಹೋಯಿತು. ಬಾವುಟ ಬಿದ್ದೊಡನೆ ಬಲಗೋಲಿನ ಎತ್ತು ಚಿಮ್ಮುವುದು. ಎಡಗೋಲಿನದು ಒಂದು ಹೆಜ್ಜೆ ಹಾರಿ, ತಲೆ ಕೊಡವಿ, ನಿಂತುಬಿಡುವುದು. ಮತ್ತೆ ಅದು ಓಡುವಷ್ಟರಲ್ಲಿ ಪಕ್ಕದ ಜೋಡಿಯು ಹತ್ತು ಮಾರು ಮುಂದೆ. ಒಂದು ಸಲವಲ್ಲ, ಮೂರು ಕಣಗಳಲ್ಲಿಯೂ ಹೀಗೆಯೇ ಆಯಿತು. ‘ಸೋಂಬೇರಿ ಎತ್ತು’ ಎಂದು ನೋಡಿದವರೆಲ್ಲ ತೀರ್ಪು ಕೊಟ್ಟರು. ತೀರ್ಪಿನ ಹಿಂದೆಯೇ ಬಾರುಕೋಲು ಬಂದಿತು. ಕೊನೆಗೆ ರಾಮನಾಥಪುರದ ಷಷ್ಠಿ ಜಾತ್ರೆಯಲ್ಲಿ ಬಂದ ಬೆಲೆಗೆ ಅದನ್ನು ಮಾರಿಬಿಡುವುದೆಂದು ಗೌಡರು ನಿಶ್ಚಯಿಸಿದರು.

ಅಷ್ಟರಲ್ಲಿ ಗಾಲಿಯ ಪಟ್ಟೆ ಸಡಿಲವಾದುದರಿಂದ ಅದೇ ಜೋಡಿಯನ್ನು ಕಟ್ಟಿಕೊಂಡು ಹೊಳೆನರಸೀಪುರದ ವೃದ್ಧ ಆಚಾರಿಯೊಬ್ಬರಲ್ಲಿಗೆ ಹೋದರು. ಆಚಾರಿಗಳು ಗಾಲಿಯನ್ನು ನೋಡುವ ಮೊದಲು ಎಡಗೋಲಿನ ಎತ್ತಿನ ಹೆಗಲನ್ನು ಮುಟ್ಟಿನೋಡಿದರು. ಅಲ್ಲಿ ರೋಮವೆಲ್ಲ ನಯವಾಗಿಯೇ ಇದ್ದಿತು. ಬಳಿಕ ಬಗ್ಗಿ ಕೊರಳ ಕೆಳಗೆ, ಗಂಗೆದೊಗಲಿನ ಮೇಲ್ಗಡೆ, ಬೆರಳಾಡಿಸಿದರು. ಅಲ್ಲಿ ಕಣ್ಣಿಯ ಅಗಲಕ್ಕೆ ಸರಿಯಾಗಿ ಕೂದಲು ಸವೆದು ಚರ್ಮ ಕೆಂಪೇರಿದ್ದಿತು.

“ಗೌಡ್ರೇ, ಇದು ಎತ್ತಿನ ತಪ್ಪಲ್ಲ. ನಿಮ್ಮ ಗಾಡಿ ಇದರ ಕುತ್ತಿಗೆ ಹಿಸುಕ್ತಾ ಇದೆ.”

ಗೌಡರಿಗೆ ಇದು ಅರ್ಥವಾಗಲಿಲ್ಲ. ಎರಡು ಗಾಲಿಯ ಗಾಡಿಯೆಂಬುದು ಅಚ್ಚಿನ ಮೇಲೆ ನಿಂತ ತಕ್ಕಡಿ. ಭಾರವು ಅಚ್ಚಿಗಿಂತ ಮುಂದಿದ್ದರೆ ನೊಗವು ಹೆಗಲನ್ನು ಒತ್ತುವುದು. ಹಿಂದಿದ್ದರೆ ಮೂಕಿ ಮೇಲೆದ್ದು, ನೊಗಕ್ಕೆ ಬಿಗಿದ ಕಣ್ಣಿಯು ಕೊರಳಿಗೆ ಉರುಳಾಗುವುದು. ನಿಂತಾಗ ಸಮವಾಗಿ ತೂಗುವ ಗಾಡಿಯೂ ಹಠಾತ್ತಾಗಿ ಹೊರಟಾಗ ಹಾಗಿರದು. ನೊಗವು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ ಎಳೆಯುವುದು. ಗಾಡಿಯ ಮೇಲೆ ನೆಟ್ಟಗೆ ನಿಂತವನ ನಾಭಿಯು ಆರಡಿಗೂ ಮೇಲಿರುವುದು. ಎತ್ತು ಮುಂದಕ್ಕೆ ಹಾರಿದಾಗ ಆ ಎತ್ತರದ ಭಾರವು ಹಿಂದುಳಿಯುವುದರಿಂದ ಗಾಡಿಯು ಹಿಂದಕ್ಕೆ ವಾಲುವುದು. ಗಾಡಿ ಹಗುರವಾದಷ್ಟೂ, ಎತ್ತು ಚುರುಕಾದಷ್ಟೂ, ಈ ವಾಲು ಹೆಚ್ಚು. ಸೋಂಬೇರಿಯಾಗಿದ್ದರೆ ಅದರ ಕೊರಳಿಗೆ ಈ ಗಾಯವೇ ಆಗುತ್ತಿರಲಿಲ್ಲ!

ಆಚಾರಿಗಳ ಮೊಮ್ಮಗನು ಹಾಸನದಲ್ಲಿ, 1960ರಲ್ಲಿ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ, ವಿದ್ಯಾರ್ಥಿ. ಅವನು ಅಮೆರಿಕದವರ ‘ಡ್ರ್ಯಾಗ್ ರೇಸ್’ ಎಂಬ ಮೋಟಾರು ಓಟದ ಸಂಗತಿಯನ್ನು ಹೇಳಿದನು. ಕಾಲು ಮೈಲಿ, ಎಂದರೆ 1,320 ಅಡಿ, ನೇರವಾದ ದಾರಿ. ಹೊರಟ ಕ್ಷಣದಲ್ಲಿಯೇ ಅರ್ಧ ಗೆಲುವು. ಅಲ್ಲಿಯೂ ಭಾರವು ಹಿಂದಕ್ಕೆ ಸರಿಯುವುದು. ಆದರೆ ಅಲ್ಲಿ ಎಳೆಯುವುದು ಹಿಂದಿನ ಗಾಲಿಯಾದುದರಿಂದ, ಆ ಭಾರವು ಅದನ್ನು ನೆಲಕ್ಕೆ ಒತ್ತಿ ಹಿಡಿತ ಕೊಡುವುದು. ಹಿಂದಿನ ಅಚ್ಚನ್ನು ಚೌಕಟ್ಟಿಗೆ ಸೇರಿಸುವ ಸಲಾಕೆಗಳನ್ನು ಒಂದೊಂದು ರಂಧ್ರ ಮೇಲೆಕೆಳಗೆ ಮಾಡಿ, ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಬಿಗಿಸಡಿಲ ಮಾಡಿ, ಬೇಕಾದಷ್ಟೇ ಭಾರ ಬೇಕಾದ ಹೊತ್ತಿಗೆ ಬೀಳುವಂತೆ ಹದಗೊಳಿಸುವರು. ಹದ ತಪ್ಪಿದರೆ ಗಾಲಿ ಜಾರುವುದು, ಇಲ್ಲವೆ ಕಾರಿನ ಮೂತಿ ಮುಗಿಲಿಗೇರುವುದು. “ಅಲ್ಲಿ ಮೂಕಿ ಎದ್ದರೆ ಯಾರ ಕುತ್ತಿಗೆಯೂ ಇಲ್ಲವಲ್ಲಪ್ಪ” ಎಂದು ಅಜ್ಜ ಕೆಲಸಕ್ಕೆ ತಿರುಗಿದರು.

ಅವರು ಪಟ್ಟೆಯನ್ನು ಬಿಗಿಮಾಡಿ, ಅಚ್ಚನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದರು. ನಾಲ್ಕು ಬೆರಳು ಸರಿಸಿರೆಂದು ಗೌಡರು ಆತುರಪಟ್ಟರು. ಹಾಗೆ ಮಾಡಿದರೆ ಓಟದುದ್ದಕ್ಕೂ ನೊಗ ಹೆಗಲನ್ನು ಕೊರೆಯುವುದೆಂದು ಆಚಾರಿಗಳು ಒಪ್ಪಲಿಲ್ಲ. ಹೊರಡುವಾಗ ಮಂಡಿ ಮಡಿಸಿ ಮುಂದಕ್ಕೆ ಬಾಗತಕ್ಕದ್ದು, ಗಾಡಿಯು ವೇಗಕ್ಕೆ ಬಂದ ಮೇಲೆಯೇ ಎದ್ದುನಿಲ್ಲತಕ್ಕದ್ದು ಎಂದು ಕಟ್ಟುಮಾಡಿದರು. ಕಣ್ಣಿಯನ್ನೂ ಒಂದು ಗಂಟು ಸಡಿಲಿಸಿದರು. ಕೂಲಿಯನ್ನು ಪಟ್ಟೆಯ ಕೆಲಸಕ್ಕೆ ಮಾತ್ರ ತೆಗೆದುಕೊಂಡರು.

ಗೌಡರು ಎತ್ತನ್ನು ರಾಮನಾಥಪುರಕ್ಕೆ ಹೊಡೆಯಲಿಲ್ಲ. ಹಾಸನದ ಬಳಿಯ ಮುಂದಿನ ಓಟದಲ್ಲಿ ಎರಡೂ ಎತ್ತುಗಳು ಒಂದೇ ಹೆಜ್ಜೆಯಲ್ಲಿ ಚಿಮ್ಮಿದುವು. ಬಹುಮಾನವೇನೂ ಬರಲಿಲ್ಲ, ಇನ್ನೂ ಒಳ್ಳೆಯ ಎರಡು ಜೋಡಿಗಳು ಕಣದಲ್ಲಿದ್ದುವು. ಆ ರಾತ್ರಿ ಕೊಟ್ಟಿಗೆಯಲ್ಲಿ ಲಾಟೀನು ಹಿಡಿದು ಗೌಡರು ಎಡಗೋಲಿನ ಎತ್ತಿನ ಕೊರಳಿಗೆ ಹರಳೆಣ್ಣೆ ಸವರಿದರು. ಕೂದಲು ಚಿಗುರತೊಡಗಿದ್ದಿತು. ಕೈಯನ್ನು ಬೆನ್ನಿನ ಮೇಲಕ್ಕೆ ತಂದಾಗ ಎತ್ತು ಚರ್ಮವನ್ನು ನಡುಗಿಸಿ ಪಕ್ಕಕ್ಕೆ ಸರಿಯಿತು. ಅಲ್ಲಿ ಬಾರುಕೋಲಿನ ಬಾಸುಂಡೆಗಳು ಇನ್ನೂ ಇಳಿದಿರಲಿಲ್ಲ.