ದಮ್ಮಸು ಹಿಡಿದ ಕೈ

ಮಣ್ಣು ಗಟ್ಟಿ ಮಾಡುವ ಯಂತ್ರ ಆರಿಸುವಾಗ ಎಂಜಿನಿಯರು ಮಣ್ಣನ್ನ ನೋಡುತ್ತಾನೆ, ಕಂಟ್ರಾಕ್ಟರು ಬಾಡಿಗೆ ನೋಡುತ್ತಾನೆ. ಅದನ್ನು ಹಿಡಿಯೋ ಕೈಯನ್ನ ಯಾರೂ ನೋಡೋದಿಲ್ಲ. ನಾವು ಆ ಕೈಗಳ ಕಡೆಯವರು.

ರಾಯಚೂರು ಸೀಮೆಯ ಎರೆನೆಲದಿಂದ ಬೆಂಗಳೂರಿಗೆ ಗುಳೆ ಬಂದವರು ನಾವು. ನಮ್ಮ ಅಪ್ಪಂದಿರು ದಮ್ಮಸು ಹೊಡೆದು ಎಷ್ಟೋ ಮನೆಗಳ ತಳ ಗಟ್ಟಿ ಮಾಡಿದರು. ಗೃಹಪ್ರವೇಶದ ದಿನ ಅವರಿಗೆ ಊಟ ಬಂದದ್ದು ಕಾಂಪೌಂಡಿನ ಹೊರಗೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವರು ನಾವೇ ಮೊದಲು. ಕಾಲೇಜಿನಲ್ಲಿ ಹಳಗನ್ನಡ ಓದಿದೆವು, ರಜೆಯಲ್ಲಿ ದಮ್ಮಸು ಹಿಡಿದೆವು.

ಮಣ್ಣಿನ ವಿದ್ಯೆ ಅಪ್ಪನಿಗೆ ಬಾಯಿಪಾಠ. ಒಂದು ಹಿಡಿ ಮಣ್ಣು ಅಮುಕಿ ನೋಡುತ್ತಾನೆ. ಉದುರಿದರೆ ನೀರು ಸಾಲದು, ಬೆರಳಿಗೆ ಮೆತ್ತಿದರೆ ನೀರು ಹೆಚ್ಚು. ಮುದ್ದೆ ನಿಂತರೆ ಹದ. "ಎರಿ ನಂಬಿ ಗ್ವಾಡಿ ಕಟ್ಟಬ್ಯಾಡೋ ತಮ್ಮಾ, ಮಳಿಗಾಲದಾಗ ಉಬ್ತದ, ಬ್ಯಾಸಗ್ಯಾಗ ಬಾಯಿ ಬಿಡ್ತದ" ಅನ್ನುತ್ತಾನೆ. ಹಾಗಾಗಿ ಎರೆ ತೆಗೆದು ಮೊರಂ ತುಂಬಬೇಕು, ಅದೂ ಗೇಣುದ್ದಕ್ಕಿಂತ ತೆಳುವಾದ ಪದರು ಪದರಾಗಿ. ಅಮೆರಿಕದ ಪ್ರಾಕ್ಟರ್ ಎಂಬ ಎಂಜಿನಿಯರ್ 1933ರಲ್ಲಿ ಬರೆದದ್ದೂ ಈ ನೀರಿನ ಹದದ ಮಾತೇ. ಅವನ ಹೆಸರಿನ ಪರೀಕ್ಷೆಯಲ್ಲಿ ಸುಮಾರು 2.5 ಕಿಲೊ ತೂಕದ ಪುಟ್ಟ ದಮ್ಮಸನ್ನು 30 ಸೆಂಟಿಮೀಟರು ಎತ್ತರದಿಂದ ಬಿಡುತ್ತಾರೆ. ಮೂರು ಪದರು, ಪದರಿಗೆ 25 ಏಟು. ಲ್ಯಾಬಿನೊಳಗೆ ಹೋದರೆ ದಮ್ಮಸಿಗೂ ಮರ್ಯಾದೆ!

ಯಂತ್ರಗಳೂ ಮಣ್ಣಿನ ಜಾತಿ ಕೇಳುತ್ತವೆ, ಅದೊಂದು ಜಾತಿ ಕೇಳಿದರೆ ನಮಗೆ ಸಿಟ್ಟಿಲ್ಲ. ಮರಳು, ಜಲ್ಲಿ ನಡುಕಕ್ಕೆ ಕೂರುತ್ತವೆ, ಅವಕ್ಕೆ ಪ್ಲೇಟು. ಜೇಡಿಗೆ ನಡುಕ ಸಾಲದು, ಏಟು ಬೇಕು, ತುಳಿತ ಬೇಕು. ಕಿರಿದಾದ ಪಾಯದಲ್ಲಿ ಜಿಗಿಯುವ ರ‍್ಯಾಮರು, ದೊಡ್ಡ ಏರಿಯ ಮೇಲೆ ಕುರಿಗಾಲಿನ ರೋಲರು. ಬಾಡಿಗೆ ಕಮ್ಮಿ ಅಂತ ಜೇಡಿಯ ಮೇಲೆ ಪ್ಲೇಟು ಓಡಿಸಿದರೆ ಮೇಲೆ ನುಣುಪು, ಒಳಗೆ ಪೊಳ್ಳು.

ಕಾಂಕ್ರೀಟಿನ ದಾರಿ ಬೇರೆ. ಅದರೊಳಗಿನ ಗಾಳಿ ಹೊರಡಬೇಕು. ನೂರಕ್ಕೆ ಐದು ಪಾಲು ಗಾಳಿ ಉಳಿದರೂ ಬಲದಲ್ಲಿ ಸುಮಾರು ಮೂವತ್ತು ಪಾಲು ಹೋಗುತ್ತದೆ. ಕಂಬಕ್ಕೆ, ತೊಲೆಗೆ ನೀಡಲ್ ವೈಬ್ರೇಟರ್. ಕಬ್ಬಿಣ ಒತ್ತಾಗಿದ್ದರೆ ಸಣ್ಣ ನೀಡಲ್. ನೆಟ್ಟಗೆ ಇಳಿಸಬೇಕು, ಗುಳ್ಳೆ ನಿಂತ ಮೇಲೆ ಮೆಲ್ಲಗೆ ಎತ್ತಬೇಕು. ಅವಸರ ಮಾಡಿದರೆ ಜೇನುಗೂಡು, ಅತಿ ಮಾಡಿದರೆ ಜಲ್ಲಿ ಕೆಳಗೆ, ನೀರು ಮೇಲೆ.

ಇಷ್ಟೂ ಪುಸ್ತಕದಲ್ಲಿದೆ. ನಮ್ಮ ಚಿಕ್ಕಪ್ಪನ ಬೆರಳು ಅದರಲ್ಲಿಲ್ಲ. ಹತ್ತು ವರ್ಷ ರ‍್ಯಾಮರು ಹಿಡಿದವನು. ಹಿಡಿಕೆಯ ರಬ್ಬರು ಹರಿದುಹೋದ ಹಳೇ ಯಂತ್ರ ಅದು. ಈಗ ಚಳಿಯ ಬೆಳಗಿನಲ್ಲಿ ಅವನ ಬೆರಳು ಸುಣ್ಣದ ಹಾಗೆ ಬೆಳ್ಳಗಾಗುತ್ತವೆ. ಅಂಗಿಯ ಗುಂಡಿ ಚಿಕ್ಕವ್ವ ಹಾಕಬೇಕು. ಮೇಸ್ತ್ರಿ "ಕುಡಿತದಿಂದ ಹಂಗಾಗೈತೆ" ಅಂದ. ಚಿಕ್ಕಪ್ಪ ಕುಡಿಯುವವನಲ್ಲ.

ಇದು ಹೊಸ ರೋಗವೂ ಅಲ್ಲ. 1918ರಲ್ಲೇ ವೈದ್ಯೆ ಅಲಿಸ್ ಹ್ಯಾಮಿಲ್ಟನ್ ಅಮೆರಿಕದ ಇಂಡಿಯಾನಾದಲ್ಲಿ ಗಾಳಿ ಸುತ್ತಿಗೆ ಹಿಡಿದ ಕಲ್ಲುಕುಟಿಗರ ಬೆಳ್ಳನೆ ಬೆರಳು ನೋಡಿ ವರದಿ ಬರೆದಳು. ಯುರೋಪಿನವರು 2002ರಲ್ಲಿ ದಿನಕ್ಕೆ ಕೈ ಎಷ್ಟು ನಡುಕ ತಡೆಯಬಹುದೆಂದು ಕಾನೂನಿನಲ್ಲೇ ಅಳತೆ ಇಟ್ಟರು. ಅವರ ಕೈಗೆ ಅಳತೆ ಇದೆ, ನಮ್ಮ ಕೈಗೆ ಕೂಲಿ ಮಾತ್ರ.

ಮೊನ್ನೆ ಯಂತ್ರ ಬಾಡಿಗೆಗೆ ಕೊಡುವವನ ಹತ್ತಿರ ಹೋಗಿದ್ದೆವು. ಚೀಟಿಯಲ್ಲಿ ಪೆಟ್ರೋಲಿಗೆ ಒಂದು ಕಾಲಂ, ತೂಕಕ್ಕೆ ಒಂದು, ಮುಂಗಡಕ್ಕೆ ಒಂದು. ಹಿಡಿಕೆಯ ನಡುಕ ಎಷ್ಟು, ರಬ್ಬರು ಯಾವಾಗ ಬದಲಾಯಿಸಿದ್ದು, ಅದನ್ನೂ ಬರೀರಿ ಅಂದೆವು. "ಅದನ್ನ ಯಾರೂ ಕೇಳಲ್ಲ ಸಾರ್" ಅಂತ ನಕ್ಕ. ಚೀಟಿ ತಿರುಗಿಸಿ, ಹಿಂದೆ ಎರಡು ಗೆರೆ ಎಳೆದು, ನಾವೇ ಬರೆದು ಅವನ ಮುಂದಿಟ್ಟೆವು. ಅರ್ಧ ಗಂಟೆಗೊಮ್ಮೆ ಆಳು ಬದಲಾಗಬೇಕು ಅನ್ನೋದನ್ನೂ ಸೇರಿಸಿದೆವು. ಪೆನ್ನು ಹುಡುಕುತ್ತಾ ಕೂತಿದ್ದಾನೆ.