ಬೇತಾಳನಿಗೆ ಎರಡು ಭಾಷೆ

ಕಟ್ಟುಕಥೆ ಓದುವ ಹುಡುಗರನ್ನು ಕಂಡರೆ ಹಿರಿಯರು ಹುಬ್ಬು ಗಂಟಿಕ್ಕುವುದು ಸನಾತನ ಸಂಪ್ರದಾಯ. ಆದರೆ ಚುನಾವಣೆಯ ಕಾಲದಲ್ಲಿ ಚಿಕ್ಕೋಡಿಯಿಂದ ಅಥಣಿಯ ಕಡೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನೋಡ್ರಿ: ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಪುಣ್ಯಾತ್ಮರ ಮೋರೆ ಫ್ಲೆಕ್ಸಿನಲ್ಲಿ ಬಾಹುಬಲಿಯ ದೇಹಕ್ಕೆ ಅಂಟಿಕೊಂಡು, ಹೆಗಲ ಮೇಲೆ ಶಿವಲಿಂಗ ಹೊತ್ತು, ಕಬ್ಬಿನ ಬಿಲ್ಲು ಬಾರದ ಮತದಾರರನ್ನು ಅಭಯಹಸ್ತದಿಂದ ಹರಸುತ್ತಿರುತ್ತದೆ. ಕಟ್ಟುಕಥೆಯನ್ನು ನಿಜವಾಗಿ ನಂಬುವವರು ಹುಡುಗರೋ ಹಿರಿಯರೋ ಎಂಬ ಸಂಶಯ ನನಗೆ ಅಂಕುರಿಸಿದ್ದು ಇಂಥ ಬಸ್ಸುಗಳಲ್ಲೇ.

ಹೊರದೇಶದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ ಬಿಡ್ರಿ. ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದ ಟೋಲ್ಕಿನ್ ಎಂಬ ಮಾಸ್ತರರು 1954-55ರಲ್ಲಿ ಒಂದು ಉಂಗುರದ ಮೇಲೆ ಮೂರು ಸಂಪುಟದ ಪುರಾಣ ಹೊರತಂದರೆ, ಹತ್ತು-ಹನ್ನೆರಡು ವರ್ಷಗಳಲ್ಲಿ ಅಮೆರಿಕದ ಕಾಲೇಜು ಹುಡುಗರು ಅದರ ಗಿಡ್ಡ ನಾಯಕ ಇನ್ನೂ ಬದುಕಿದ್ದಾನೆಂದು ಸಾರುವ ಬಿಲ್ಲೆ ಎದೆಗೆ ಸಿಗಿಸಿಕೊಂಡು ಓಡಾಡಿದರು. ಥೈಲ್ಯಾಂಡಿನಲ್ಲಿ 2014ರಲ್ಲಿ ಸೇನೆ ಗದ್ದುಗೆ ಹಿಡಿದಾಗ ಪ್ರತಿಭಟನೆಗೆ ಬಂದವರು ‘ಹಂಗರ್ ಗೇಮ್ಸ್’ ಕಥೆಯಲ್ಲಿದ್ದಂತೆ ಮೂರು ಬೆರಳು ಎತ್ತಿದರು. ಬೆರಳು ಎತ್ತಿದವರನ್ನು ಸರ್ಕಾರ ಹಿಡಿದುಕೊಂಡೂ ಹೋಯಿತು. ಕಥೆಗೆ ಸರ್ಕಾರ ಅಂಜಿತೆಂದರೆ ಅದಕ್ಕಿಂತ ದೊಡ್ಡ ಸಾಹಿತ್ಯ ಪ್ರಶಸ್ತಿ ಯಾವುದಿದೆ?

ನಮ್ಮ ಸೀಮೆಗೆ ಮಾತ್ರ ಈ ವಿದ್ಯೆ ಹಳೆಯದು. ಕುಲಗೋಡ ತಮ್ಮಣ್ಣನವರ ಕೈಯಲ್ಲಿ ಪಳಗಿ, ಕೌಜಲಗಿ ನಿಂಗಮ್ಮನವರ ಕಂಠದಲ್ಲಿ ಹೆಸರಾದ ಶ್ರೀಕೃಷ್ಣ ಪಾರಿಜಾತವನ್ನು ಬೆಳಗಿನ ತನಕ ಕೂತು ನೋಡಿದ ಜನ ನಾವು. ಆಕಾಶದ ಹೂವನ್ನು ನಾರದ ತಂದು ಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸುತ್ತಾನೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಇರುವುದು ಒಂದೇ ಹೂವು, ಆಸೆಪಟ್ಟವರು ಇಬ್ಬರು, ಬೆಂಕಿ ಹಚ್ಚಿ ತಂಬೂರಿ ಮೀಟುವವನು ಮತ್ತೊಬ್ಬ. ಪಕ್ಷದ ಟಿಕೆಟ್ ಹಂಚಿಕೆಯನ್ನು ನಮ್ಮ ಜನರಿಗೆ ಪ್ರತ್ಯೇಕವಾಗಿ ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ.

ನಾನು ಹೇಳಹೊರಟದ್ದು ಬೇತಾಳನ ವಿಷಯ. ನಡುವೆ ಕೃಷ್ಣ ಬಂದ, ದೇವರಿಗೆ ಬರಬೇಡ ಅನ್ನಲಾಗುವುದಿಲ್ಲ. ಮದ್ರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುಮಾಡಿದ ಚಂದಮಾಮ 1949ರಲ್ಲಿ ಕನ್ನಡಕ್ಕೆ ಬಂತು. ಮುಂದೆ 1952ರಲ್ಲಿ ಮರಾಠಿಗೆ ‘ಚಾಂದೋಬಾ’ ಆಗಿ ಇಳಿಯಿತು. ಚಿಕ್ಕೋಡಿಯ ನಮ್ಮ ಮನೆಗೆ ಮೊದಲಿನದು, ನಿಪ್ಪಾಣಿಯ ಮಾವಶಿಯ ಮನೆಗೆ ಎರಡನೆಯದು. ಮಾವಶಿಯ ಗಂಡ ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆಯುತ್ತಿದ್ದರಾದ್ದರಿಂದ ಅಲ್ಲಿಯ ಸಂಚಿಕೆಗಳಿಗೆಲ್ಲ ಜರದಾ ಘಾಟು. ಬೇತಾಳನ ಕಥೆ ಓದುವಾಗ ನಾನು ಸೀನುತ್ತಿದ್ದದ್ದನ್ನು ಮನೆಯವರು ಭಯವೆಂದು ತಿಳಿದು ಬೂದಿ ಹಚ್ಚುತ್ತಿದ್ದರು. ಚಿತ್ರಕಾರ ಶಂಕರ್ ಬರೆದ ಅದೇ ರಾಜ, ಅದೇ ಹಿರಿದ ಕತ್ತಿ, ಹೆಗಲ ಮೇಲೆ ಅದೇ ಹೆಣ.

“ನಿಮ್ಮ ಬೇತಾಳ ಮರಾಠಿ ಮಾತಾಡತೈತೇನಲೇ?” ಎಂದು ನಾನು ಕೇಳಿದರೆ, “ಮತ್ತ ನಿಮ್ಮದೇನು ಕನ್ನಡ ಸಾಲಿಗೆ ಹೋಗಿತ್ತೇನು?” ಎಂದು ಮಾವಶಿಯ ಮಗ ಎದೆಯುಬ್ಬಿಸುತ್ತಿದ್ದ. ಪ್ರಕರಣ ಕೈಕೈ ಮಿಲಾಯಿಸುವ ಹಂತ ಮುಟ್ಟಿದಾಗ ಒಳಗಿನಿಂದ ಮಾವಶಿಯ ತೀರ್ಪು: “ದೆವ್ವಕ್ಕ ಎಲ್ಲಾ ಭಾಷಾ ಬರತಾವು. ಮದಲ ಬಂದು ಉಣ್ಣರಿ.”

ಈ ನ್ಯಾಯನಿರ್ಣಯದ ಗಾಂಭೀರ್ಯ ಅರ್ಥವಾಗಲು ನಾನು ಪತ್ರಿಕೆ ಓದುವ ವಯಸ್ಸಿಗೆ ಬರಬೇಕಾಯಿತು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾಗಿ ನಾವು ಮುಂಬಯಿ ಬಿಟ್ಟು ಮೈಸೂರು ಸೇರಿದಾಗಿನಿಂದ ಗಡಿಯ ಗಂಟು ಹೆಗಲೇರಿದೆ. 1966ರಲ್ಲಿ ಮಹಾಜನ ಆಯೋಗ ಬಂತು, ಮರುವರ್ಷ 264 ಊರು ಅತ್ತ, 247 ಊರು ಇತ್ತ ಎಂದು ವರದಿ ಕೊಟ್ಟಿತು. ಮಹಾರಾಷ್ಟ್ರ ಒಲ್ಲೆ ಎಂದಿತು, 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ನಡುನಡುವೆ ಯಾವನೋ ಧೀರೋದಾತ್ತ ನಾಯಕ ಗಂಟನ್ನು ಹೊತ್ತು ನಾಲ್ಕು ಹೆಜ್ಜೆ ನಡೆಯುತ್ತಾನೆ, ಮೈಕು ಕಂಡ ಕೂಡಲೇ ಬಾಯಿ ತೆರೆಯುತ್ತಾನೆ, ಬೇತಾಳ ಮರಳಿ ಮರಕ್ಕೆ ಹಾರುತ್ತದೆ. ಬಸ್ಸುಗಳು ಗಡಿಯಲ್ಲಿ ನಿಲ್ಲುತ್ತವೆ. ಕಾಗವಾಡದಿಂದ ಮಿರಜಿನ ದವಾಖಾನೆಗೆ ಹೊರಟವರು ಇಳಿದು ನಡೆಯುತ್ತಾರೆ.

ವಿಕ್ರಮನಿಗೆ ಹಠವಿತ್ತು, ಇವರಿಗೂ ಇದೆ. ವ್ಯತ್ಯಾಸವಿರುವುದು ಷರತ್ತಿನಲ್ಲಿ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆಂದು ಬೇತಾಳ ಮೊದಲೇ ರಾಜನಿಗೆ ಎಚ್ಚರಿಕೆ ಕೊಡುತ್ತಿತ್ತು. ರಾಯಬಾಗದ ರೈತನೂ ಮಿರಜಿನ ವ್ಯಾಪಾರಿಯೂ ಪರಸ್ಪರ ಬೀಗರಾಗಿ, ಎರಡೂ ಭಾಷೆಯಲ್ಲಿ ಚೌಕಾಸಿ ಮಾಡಿ ಬದುಕಿದ್ದಾರೆಂಬ ಉತ್ತರ ಎರಡೂ ದಂಡೆಯ ಮುಖಂಡರಿಗೆ ಚೆನ್ನಾಗಿ ಗೊತ್ತು. ಹಾಗಿರುವಾಗ ಬೇತಾಳನ ಆ ಒಂದು ಕಲಮನ್ನು ಶಾಸನಸಭೆಯಲ್ಲಿ ಪಾಸು ಮಾಡಿಸಬಾರದೇಕೆ ಎಂದು ನಾನು ಕಟ್ಟೆಯ ಮೇಲೆ ಕೇಳಿದೆ. ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕಾಕಾ ತಲೆಯೆತ್ತದೆ ಅಂದರು: “ಬ್ಯಾಡೋ ತಮ್ಮಾ, ಸತ್ಕಾರಕ್ಕ ತಂದ ಪೇಟಾ ಎಲ್ಲಾ ಹಂಗಽ ಉಳಿತಾವು.”