ಲೆಕ್ಕಕ್ಕೆ ಸಿಗದ ತೂಕ

ಬಿ.ಎ. ತರಗತಿಯಲ್ಲಿ ಇತಿಹಾಸ ಓದುವ ನಾನು ನಕ್ಷತ್ರಗಳ ವಿಷಯ ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಯಾರಿಗಾದರೂ ತೋರಿದರೆ ತಪ್ಪಿಲ್ಲ. ಇದಕ್ಕೆಲ್ಲ ಕಾರಣ ನಮ್ಮ ತಾತ. ಚಾಮರಾಜಪೇಟೆಯ ಮಗ್ಗುಲಿನ ನ್ಯೂ ತರಗುಪೇಟೆಯಲ್ಲಿ, ಒಂದು ಬೇಳೆಕಾಳಿನ ಮಂಡಿಯ ಗುಮಾಸ್ತೆಯಾಗಿ ಮೂವತ್ತು ವರ್ಷ ದುಡಿದವರು ಅವರು. ಈಗ ಕಣ್ಣು ಮಂಜು. ಸಂಜೆ ನಾನೇನು ಓದುತ್ತೇನೋ ಅದನ್ನು ಅವರಿಗೆ ಕೇಳುವಂತೆ ಗಟ್ಟಿಯಾಗಿ ಓದಬೇಕೆಂಬುದು ಮನೆಯ ಕಟ್ಟಳೆ. ಪರೀಕ್ಷೆ ಹತ್ತಿರ ಬಂದಾಗ ಪಠ್ಯವನ್ನು ಬಿಟ್ಟು ಬೇರೆಲ್ಲವನ್ನೂ ಓದುವ ಚಪಲ ನಿಮಗೂ ಇರಬಹುದು. ಹಾಗೆ ನನ್ನ ಕೈಗೆ ಸಿಕ್ಕಿದ್ದು ಗೆಲಾಕ್ಸಿಗಳನ್ನು ಕುರಿತ ಒಂದು ಪುಸ್ತಕ.

ಮೊದಲ ದಿನ ಸುಲಭವಾಗಿಯೇ ಸಾಗಿತು. ಸೌರವ್ಯೂಹದ ದ್ರವ್ಯದಲ್ಲಿ ನೂರಕ್ಕೆ 99ಕ್ಕೂ ಮಿಕ್ಕ ಪಾಲು ಸೂರ್ಯನೊಬ್ಬನದೇ. ಆದುದರಿಂದ ಅವನಿಂದ ದೂರ ಹೋದಷ್ಟೂ ಸೆಳೆತ ಕಡಿಮೆ, ಗ್ರಹದ ಓಟವೂ ನಿಧಾನ. ಬುಧ ಸೆಕೆಂಡಿಗೆ ಸುಮಾರು 47 ಕಿಲೋಮೀಟರು ಓಡಿದರೆ ಭೂಮಿ 30, ನೆಪ್ಚೂನ್ 5ಕ್ಕಿಂತ ತುಸು ಹೆಚ್ಚು. "ಸರಿ, ಲೆಕ್ಕ ಕೂಡಿತು" ಎಂದರು ತಾತ.

ಸೂರ್ಯನೂ ಸುಮ್ಮನೆ ಕುಳಿತವನಲ್ಲ. ಆಕಾಶಗಂಗೆಯ ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ಸೆಕೆಂಡಿಗೆ ಸುಮಾರು 230 ಕಿಲೋಮೀಟರು ವೇಗದಲ್ಲಿ, ನಮ್ಮನ್ನೆಲ್ಲ ಕಟ್ಟಿಕೊಂಡು ಸುತ್ತುತ್ತಾನೆ. ಒಂದು ಸುತ್ತಿಗೆ ಹತ್ತಿರಹತ್ತಿರ 22 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆಗೆ ವಯಸ್ಸು ಸುಮಾರು 300 ಕೋಟಿ ವರ್ಷವೆನ್ನುತ್ತಾರೆ; ಭಾಗಿಸಿ ನೋಡಿದರೆ, ನಾವು ಕಡಲೆಕಾಯಿ ಸುಲಿಯುತ್ತ ಕೂರುವ ಆ ಕಲ್ಲು 13 ಸಲ ಆಕಾಶಗಂಗೆಯನ್ನು ಸುತ್ತಿಬರುವಷ್ಟು ಹಳೆಯದು. ಇದನ್ನು ಕೇಳಿ ತಾತ ಬಹಳ ಹೊತ್ತು ನಕ್ಕರು.

ತೊಡಕು ಶುರುವಾದದ್ದು ಮರುದಿನ. ಗೆಲಾಕ್ಸಿಯ ಬೆಳಕು ನಡುವೆ ದಟ್ಟ, ಅಂಚಿಗೆ ವಿರಳ. ದ್ರವ್ಯವೂ ಹಾಗೆಯೇ ಹರಡಿದ್ದರೆ ಅಂಚಿನ ನಕ್ಷತ್ರಗಳು ನೆಪ್ಚೂನಿನಂತೆ ನಿಧಾನವಾಗಿ ಚಲಿಸಬೇಕು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯಲ್ಲಿ ವೇಗವನ್ನು ಅಳೆದರು. 1980ರ ಹೊತ್ತಿಗೆ ನಾರ್ಬರ್ಟ್ ಥೊನಾರ್ಡರನ್ನು ಕೂಡಿಕೊಂಡು 21 ಸುರುಳಿ ಗೆಲಾಕ್ಸಿಗಳ ಲೆಕ್ಕ ಕೊಟ್ಟರು. ಅಂಚಿನಲ್ಲಿ ವೇಗ ಇಳಿಯಲೇ ಇಲ್ಲ. ನಕ್ಷತ್ರಗಳು ಮುಗಿದ ಆಚೆಗೂ ಇರುವ ಜಲಜನಕದ ರೇಡಿಯೋ ಅಲೆಗಳು ಹೇಳಿದ್ದೂ ಅದನ್ನೇ. ಹಾಗೆಂದರೆ ದೂರ ಎರಡರಷ್ಟಾದರೆ ಅದರೊಳಗಿನ ದ್ರವ್ಯವೂ ಎರಡರಷ್ಟಾಗಬೇಕು. ಬೆಳಕಿಲ್ಲದ ಕಡೆ ಇಷ್ಟೊಂದು ಭಾರ! ಇದಕ್ಕೆ ಕಪ್ಪು ದ್ರವ್ಯವೆಂದು ಹೆಸರಿಟ್ಟಿದ್ದಾರೆ.

ತಾತ ಎದ್ದು ಕುಳಿತರು. "ಕಲ್ಲು ನೋಡಿದಾರೇನೋ?"

ನನಗೆ ಅರ್ಥವಾಗಲಿಲ್ಲ. ಆಗ ಹೇಳಿದ ಸಂಗತಿಯನ್ನು ಅವರು ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಂದು ವರ್ಷ ಮಂಡಿಯಲ್ಲಿ ತೊಗರಿಬೇಳೆ ತಿಂಗಳು ತಿಂಗಳೂ ಕಡಿಮೆ ಬೀಳುತ್ತ ಬಂತು. ಪುಸ್ತಕದಲ್ಲಿ ಇಷ್ಟು, ಗೋದಾಮಿನಲ್ಲಿ ಅದಕ್ಕಿಂತ ಕಡಿಮೆ. ಲೆಕ್ಕ ತಪ್ಪಿಲ್ಲವೆಂದು ತಾತ ಸಾಹುಕಾರರೆದುರು ಎದೆ ತಟ್ಟಿ ಹೇಳಿದರು. ಲೆಕ್ಕ ಸರಿಯಿದ್ದರೆ ಕಳ್ಳನಿರಲೇಬೇಕು. ಮೂಟೆ ಹೊರುವ ಒಬ್ಬ ಆಳಿನ ಮೇಲೆ ಅನುಮಾನ ಹೋಯಿತು, ಅವನನ್ನು ಬಿಡಿಸಿದರು. ಅವನು ತಾತನ ಮುಖವನ್ನೊಮ್ಮೆ ನೋಡಿ ಹೆಗಲ ಗೋಣಿಯನ್ನು ಕೊಡವಿ ಹೊರಟುಹೋದನಂತೆ. ಎರಡು ತಿಂಗಳ ಮೇಲೆ ಮುದ್ರೆ ಹಾಕಿಸಲು ತೂಕದ ಕಲ್ಲುಗಳನ್ನು ಒಯ್ದಾಗ, ಸರಕು ಇಳಿಸಿಕೊಳ್ಳುವಾಗ ಬಳಸುತ್ತಿದ್ದ ದೊಡ್ಡ ಕಲ್ಲಿನ ತಳದ ಸೀಸ ಬಿದ್ದುಹೋಗಿದ್ದುದು ತಿಳಿಯಿತು. ಒಳಗೆ ಬಂದ ಬೇಳೆಯೇ ಕಡಿಮೆ, ಬರೆದುಕೊಂಡದ್ದು ಹೆಚ್ಚು. ಕದ್ದವರು ಯಾರೂ ಇರಲಿಲ್ಲ. ತಾತ ಕಲಾಸಿಪಾಳ್ಯದಲ್ಲೆಲ್ಲ ವಿಚಾರಿಸಿದರು. ಆ ಮನುಷ್ಯ ಸಿಗಲಿಲ್ಲ.

ಆ ರಾತ್ರಿ ನನಗೆ ಓದು ಹತ್ತಲಿಲ್ಲ. ಆದರೆ ತಾತನ ಪ್ರಶ್ನೆ ಅಡ್ಡಾದಿಡ್ಡಿ ಪ್ರಶ್ನೆಯಲ್ಲವೆಂದು ಆಮೇಲೆ ಕಂಡಿತು. ಯುರೇನಸ್ ತಪ್ಪು ಹಾದಿಯಲ್ಲಿ ನಡೆದಾಗ ಕಾಣದ ಗ್ರಹವೊಂದು ಎಳೆಯುತ್ತಿರಬೇಕೆಂದು ಫ್ರಾನ್ಸಿನ ಲೆವೆರಿಯೆ ಲೆಕ್ಕ ಹಾಕಿದ. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ನಡೆ ತಪ್ಪಿದಾಗಲೂ ಅದೇ ಲೆವೆರಿಯೆ ಮತ್ತೊಂದು ಕಾಣದ ಗ್ರಹವನ್ನು ಊಹಿಸಿದ. ಅದಕ್ಕೆ ವಲ್ಕನ್ ಎಂದು ಹೆಸರೂ ಆಯಿತು. ಅಂಥ ಗ್ರಹವೇ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ತಿದ್ದಿದ್ದು ಗುರುತ್ವಾಕರ್ಷಣೆಯ ನಿಯಮವನ್ನೇ. ಒಂದು ಸಲ ಸರಕು ಬಚ್ಚಿಟ್ಟುಕೊಂಡಿತ್ತು, ಇನ್ನೊಂದು ಸಲ ಕಲ್ಲೇ ಸುಳ್ಳು. ಗೆಲಾಕ್ಸಿಗಳ ವಿಷಯದಲ್ಲಿಯೂ, ಸೆಳೆತ ಬಹಳ ಕ್ಷೀಣವಾದ ಕಡೆ ನಿಯಮವೇ ಬೇರೆಯೆಂದು 1983ರಲ್ಲಿ ಮಿಲ್‌ಗ್ರಾಮ್ ವಾದ ಹೂಡಿದ್ದಾರೆ.

ಕಾಣದ ದ್ರವ್ಯವಿದೆಯೆಂದು ಒಪ್ಪಿದರೂ ಅದು ಹೇಗೆ ಹರಡಿದೆಯೆಂಬ ಪ್ರಶ್ನೆ ಉಳಿಯುತ್ತದೆ. ಇದರ ಕೆಲಸ ನಮ್ಮೂರಿನಲ್ಲೇ ನಡೆದಿದೆಯೆಂದು ತಿಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯ ಆಚೆ, ತಾತ ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಂದಾ ಜೋಗ್ ಅವರು ಜಲಜನಕದ ಪದರದ ದಪ್ಪವನ್ನು ಹಿಡಿದು ಲೆಕ್ಕ ಹಾಕಿದರು. ಮೇಲಿನ ಭಾರ ಕಡಿಮೆಯಾದ ಕಡೆ ಹಾಸಿಗೆಯ ಹತ್ತಿ ಉಬ್ಬುವಂತೆ, ಸೆಳೆತ ಸಡಿಲವಾದ ಅಂಚಿನಲ್ಲಿ ಅನಿಲ ಉಬ್ಬುತ್ತದೆ. ಎಷ್ಟು ಉಬ್ಬಿದೆಯೆಂಬುದರಿಂದ ಅದನ್ನು ಅದುಮುವ ದ್ರವ್ಯದ ಆಕಾರವನ್ನು ಊಹಿಸಬಹುದು. ಆಂಡ್ರೊಮಿಡಾದ ಸುತ್ತಲಿನ ಕಪ್ಪು ದ್ರವ್ಯ ಉಂಡೆಯಂತಿಲ್ಲ, ಚಪ್ಪಟೆಯಾಗಿದೆಯೆಂದು ಅವರೂ ಅರುಣಿಮಾ ಬ್ಯಾನರ್ಜಿಯವರೂ 2008ರಲ್ಲಿ ತೋರಿಸಿದರು.

ಇಷ್ಟನ್ನೂ ತಾತನಿಗೆ ಒಪ್ಪಿಸಿದೆ. ಅವರು ತಮ್ಮ ಪಟ್ಟು ಬಿಡಲಿಲ್ಲ: "ಇದೆಲ್ಲ ಅದೇ ಕಲ್ಲಿನಲ್ಲಿ ತೂಗಿದ್ದಲ್ಲವೇನೋ?"

ನಾನು 2006ರ ಒಂದು ಸಂಗತಿ ಹೇಳಿದೆ. ಗೆಲಾಕ್ಸಿಗಳ ಎರಡು ಗುಂಪು ಒಂದಕ್ಕೊಂದು ಡಿಕ್ಕಿ ಹೊಡೆದು ಹಾದುಹೋಗಿವೆ. ಕಾಣುವ ದ್ರವ್ಯದ ಬಹುಪಾಲಾದ ಬಿಸಿ ಅನಿಲ ನಡುವೆ ತಡೆದು ಹಿಂದುಳಿದಿದೆ. ಗುರುತ್ವ ಬೆಳಕನ್ನೂ ಬಾಗಿಸುತ್ತದೆಯಷ್ಟೆ. ಹಿಂದಿನಿಂದ ಬರುವ ಬೆಳಕು ಎಲ್ಲೆಲ್ಲಿ ಎಷ್ಟು ಬಾಗಿದೆಯೆಂದು ನೋಡಿದರೆ, ಹೆಚ್ಚಿನ ಭಾರ ಅನಿಲವಿದ್ದಲ್ಲಿ ಇಲ್ಲ, ಅದರ ಎರಡು ಪಕ್ಕಕ್ಕೆ ಸರಿದುಹೋಗಿದೆ! ಕಾಣದ ಸರಕಿದೆಯೆಂದೇ ಬಹುಮಂದಿ ವಿಜ್ಞಾನಿಗಳು ನಂಬಲು ಇದೂ ಒಂದು ಕಾರಣ. ಆದರೂ ಅದರ ಒಂದು ಕಣವೂ ಇನ್ನೂ ಪ್ರಯೋಗಶಾಲೆಯಲ್ಲಿ ಯಾರ ಕೈಗೂ ಸಿಕ್ಕಿಲ್ಲ.

ತಾತ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಇನ್ನೊಂದು ತಕ್ಕಡಿಯಲ್ಲೂ ಹಾಕಿ ನೋಡಿದಾರೆ ಅನ್ನು" ಎಂದರು. "ಮಂಡಿಯಲ್ಲಿ ಇನ್ನೊಂದು ತಕ್ಕಡಿ ಇತ್ತು ಕಣೋ. ಗೋಡೆಗೆ ಒರಗಿಸಿಟ್ಟಿದ್ದರು."